ಲಾರಿಯ ಟೈರು ಮತ್ತು ಹುಣಸೆಯ ಕೊರಡು

ಹಳೆಯ ಟೈರುಗಳನ್ನು ಕಾಯಿಸಿ ಎಣ್ಣೆ ಇಳಿಸುವ ಭಟ್ಟಿಯ ಮುಂದೆ ಹುಣಸೆಯ ಕೊರಡೊಂದು ಸಿಡುಕಿತು: "ಲಾರಿ ತಾತ, ನಿನ್ನಿಂದ ಒಂದು ಡಬ್ಬ ಎಣ್ಣೆ ತೆಗೆಯಲು ನಮ್ಮ ಸೌದೆಯ ಕುಲವೇ ಉರಿಯಬೇಕೆ? ಇದೆಂಥ ವ್ಯಾಪಾರ!"

"ನಾನು ಬಿಸಿಯಾಗುವವರೆಗೆ ತಾಳು, ಮಗು," ಎಂದು ಲಾರಿಯ ಟೈರು ಒಳಗೆ ಹೋಯಿತು.

ಸೌದೆ ಒಂದೊಂದಾಗಿ ಉರಿಯಿತು. ಕೊರಡಿನ ಸರದಿ ಬಂದಾಗ ಭಟ್ಟಿ ತಡೆಯಿತು: "ನೀನು ಬೇಡ. ಎಣ್ಣೆ ಇಳಿಯುತ್ತಿದೆ. ತಾತನ ಮೈಯಿಂದ ಎದ್ದ ಅನಿಲವೇ ಈಗ ನನ್ನ ಒಲೆಯನ್ನು ಉರಿಸುತ್ತಿದೆ."

ಕೊರಡು ತಲೆ ತಗ್ಗಿಸಿತು.

ಮರುದಿನ ಬಸ್ಸಿನ ಟೈರೊಂದು ಅಳುಕುತ್ತ ಬಂತು: "ನನ್ನಿಂದ ನಿಮಗೆಲ್ಲ ನಷ್ಟವಂತೆ?"

"ಯಾರು ಹೇಳಿದ್ದು?" ಎನ್ನುತ್ತ ಕೊರಡು ತಾನೇ ಒಲೆಯ ಬಾಯಿಗೆ ಉರುಳಿತು. "ಬಾ ತಂಗಿ. ನಿನ್ನನ್ನು ಬಿಸಿ ಮಾಡುವುದು ನನ್ನ ಕೆಲಸ, ನನ್ನ ಹಿಂದೆ ಸರದಿಯಲ್ಲಿರುವ ಸೌದೆಯನ್ನು ಉಳಿಸುವುದು ನಿನ್ನದು."