ಹಿಂದಿನ ಸೀಟಿನ ಟಿ.ವಿ. ಮತ್ತು ನಿಂಬೆಹಣ್ಣು

ದಾಮೋದರ ಶೆಟ್ಟರ ಕಾರಿನ ಹಿಂದಿನ ಸೀಟಿಗಿದ್ದ ಟಿ.ವಿ., ಯಾರೂ ಕೂರದಿದ್ದರೂ ತಾನಾಗಿ ಮಕ್ಕಳ ಹಾಡು ಹಾಡುತ್ತಿತ್ತು. ಮೆಕ್ಯಾನಿಕ್ ಲೋಬೊ ಅದಕ್ಕೆ ಕರೆಂಟು ನೋಡುವ ಮೀಟರು ಹಿಡಿದ.

“ನಿನಗೇನಾಗಿದೆ?” ಎಂದು ಮೀಟರು ಕೇಳಿತು.

“ನನಗೇನೂ ಆಗಿಲ್ಲ. ಯಾರಾದರೂ ಕೂತರೆ ಸೀಟು ನನಗೆ ಹೇಳುತ್ತದೆ. ಆಗ ಹಾಡುತ್ತೇನೆ,” ಎಂದಿತು ಟಿ.ವಿ.

ಮೀಟರು ಸೀಟನ್ನು ಕೇಳಿತು.

“ನಾನು ಸುಳ್ಳಾಡುವುದಿಲ್ಲ. ಒಂದು ಮಗುವಿನಷ್ಟು ಭಾರವಿದೆ,” ಎಂದಿತು ಸೀಟು. ಮೀಟರಿನ ಮುಳ್ಳು ನಡುಗಿತು.

ಅದನ್ನು ಕಂಡ ಲೋಬೊ, “ಶೆಟ್ರೇ, ಟಿ.ವಿ. ಸರಿ ಉಂಟು. ಸೀಟು ಬಿಚ್ಚಿ ನೋಡ್ಬೇಕು,” ಎಂದ.

“ಅದೆಲ್ಲ ಬೇಡ ಮಾರಾಯ. ಟಿ.ವಿ.ಯ ವಯರು ಕಟ್ ಮಾಡು, ಸಾಕು. ಯಾರದ್ದೋ ದೃಷ್ಟಿ ತಾಗಿದೆ,” ಎಂದ ಶೆಟ್ಟರು ಮುಂದಿನ ಬಂಪರಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು.

ಟಿ.ವಿ. ಕಪ್ಪಾಯಿತು. ನಿಂಬೆಹಣ್ಣು ಜಂಬದಿಂದ ಸಾರಿತು: “ಇನ್ನು ಯಾವುದೂ ನನ್ನನ್ನು ದಾಟಲಾರದು.”

“ಹಾಗಾದರೆ ಒಳಗೆ ಕೂತದ್ದು ಇಳಿಯುವುದು ಹೇಗೆ?” ಎಂದು ಸೀಟು ಕೇಳಿತು.

ಹಾಡು ನಿಂತ ಸಮಾಧಾನದಲ್ಲಿ ಶೆಟ್ಟರು ಕಾರು ಹೊರಡಿಸಿದರು. ಕೇಳಲು ಹಾಡಿಲ್ಲದ ಹಿಂದಿನ ಸೀಟು ಹಗುರಾಯಿತು. ಶೆಟ್ಟರ ಪಕ್ಕದ ಖಾಲಿ ಸೀಟು ಮೆಲ್ಲನೆ ತಗ್ಗಿತು.