ಗಂಗವ್ವನ ಕವಳೆ ತೋಟ

ಕೇಳಿ ಮಕ್ಕಳೇ, ಕುರುಚಲು ಕಾಡಿನ ಗುಡ್ಡವೊಂದರಲ್ಲಿ, ಬಂಡೆಯ ಮಗ್ಗುಲಿಗೆ, ಗಂಗವ್ವ ಎಂಬ ಮೊಲ ಹುಲ್ಲಿನ ಗೂಡು ಮಾಡಿಕೊಂಡಿದ್ದಳು. ಅವಳಿಗೆ ಕವಳೆ ಹಣ್ಣೆಂದರೆ ಪ್ರಾಣ. ಆಸೆಯೋ, ಅಬ್ಬಬ್ಬಾ, ಗುಡ್ಡದಷ್ಟು! ಮೊದಲ ಮಳೆ ಬಿದ್ದದ್ದೇ ತಡ, ಕವಳೆ ಸಸಿಗಳನ್ನು ಕಚ್ಚಿ ತಂದು ಗೂಡಿನ ಸುತ್ತ ಒತ್ತೊತ್ತಾಗಿ ನೆಟ್ಟಳು.

ನೆರೆಮನೆಯ ಗೌಜಲಹಕ್ಕಿ ತುಂಗಕ್ಕ ನೋಡಿ ಗಾಬರಿಯಾದಳು.

"ಏನೇ ಇದು ಗಂಗವ್ವ? ಮುಳ್ಳಿನ ಗಿಡ ಕಣೇ! ನಾಲ್ಕು ಜಿಗಿತಕ್ಕೊಂದು ನೆಡು. ದೊಡ್ಡವಾದ ಮೇಲೆ ಓಡಾಡೋಕೆ ದಾರಿ ಬೇಡವಾ?"

"ಅಷ್ಟು ಜಾಗ ಸುಮ್ಮನೆ ಖಾಲಿ ಬಿಡಲಾ? ನಿನಗೆ ಹೊಟ್ಟೆಕಿಚ್ಚು ಬಿಡು, ತುಂಗಕ್ಕ."

ವರ್ಷಗಳು ಉರುಳಿದವು. ಕೊಂಬೆಗೆ ಕೊಂಬೆ ಹೆಣೆದುಕೊಂಡಿತು. ಒಳಗೆ ಬಿಸಿಲಿಲ್ಲ, ಹಣ್ಣೂ ಇಲ್ಲ. ಬರೀ ಮುಳ್ಳು, ಒಣಕಡ್ಡಿ. ಹೊರಮೈಯಲ್ಲಿ ಮಾತ್ರ ಒಂದಿಷ್ಟು ಹಣ್ಣು. ಉಳಿದಿದ್ದ ಒಂದೇ ಕಿಂಡಿಯಲ್ಲಿ ತೆವಳಿ ಬರುವಷ್ಟರಲ್ಲಿ ಗಂಗವ್ವನ ಮೈಯೆಲ್ಲ ಗೀರಿಹೋಗುತ್ತಿತ್ತು. ಅಂಥ ಗೂಡಿನಲ್ಲೇ ಆ ಬೇಸಿಗೆ ಅವಳು ಮೂರು ಮರಿ ಹಾಕಿದಳು.

"ಒಳಗೆ ಮಕ್ಕಳಿದ್ದಾವೆ. ಈಗಲಾದರೂ ಅಂಚಿನ ತನಕ ಒಂದಷ್ಟು ಗಿಡ ಕಡಿದು ದಾರಿ ಬಿಡೇ," ಎಂದು ತುಂಗಕ್ಕ ಗೋಗರೆದಳು.

"ಹಣ್ಣು ಬಿಟ್ಟ ಗಿಡ ಕಡಿಯೋಕೆ ಮನಸ್ಸು ಬರೋಲ್ಲ ಕಣೇ. ಹಣ್ಣು ಮುಗೀಲಿ, ನೋಡೋಣ."

ಹಣ್ಣು ಮುಗಿಯುವ ತನಕ ಬೆಂಕಿ ಕಾಯಲಿಲ್ಲ. ಒಂದು ಮಧ್ಯಾಹ್ನ ಗುಡ್ಡದ ಬುಡದಲ್ಲಿ ಒಣಹುಲ್ಲು ಹತ್ತಿಕೊಂಡಿತು. ಗಾಳಿ ಮೇಲಕ್ಕೇ ಬೀಸುತ್ತಿತ್ತು. ಹೊರಗೆ ಹಣ್ಣು ತಿನ್ನುತ್ತಿದ್ದ ಗಂಗವ್ವ ಕಿಂಡಿಯ ಬಾಯಿಗೆ ಓಡಿದಳು.

"ಬನ್ನಿ, ಬನ್ನಿ ಮಕ್ಕಳೇ, ಓಡಿ ಬನ್ನಿ!"

"ಅವ್ವಾ, ಮುಳ್ಳು! ದಾರಿ ಕಾಣ್ತಿಲ್ಲ ಅವ್ವಾ!"

ಕಿಂಡಿಯ ತುಂಬ ಹೊಗೆ. ಗಂಗವ್ವ ಹುಚ್ಚಿಯ ಹಾಗೆ ಕೊಂಬೆಗಳನ್ನು ಕಡಿದಳು. ಒಂದು ಕಡಿದರೆ ಅದರ ಹಿಂದೆ ಇನ್ನೊಂದು, ಎಲ್ಲವೂ ಅವಳೇ ನೆಟ್ಟವು. ಬಾಯೆಲ್ಲ ರಕ್ತ. ಕೊನೆಗೆ ಒಂದು ಮರಿಯ ಕಾಲು ಸಿಕ್ಕಿತು, ಎಳೆದುಕೊಂಡಳು. ಅಷ್ಟರಲ್ಲಿ ಒಳಗಿನ ಒಣಕಡ್ಡಿಗೆ ಬೆಂಕಿ ಹತ್ತಿತು. ಒಳಗಿಂದ ಬರುತ್ತಿದ್ದ ಕೂಗು ನಿಂತುಹೋಯಿತು.

ಬೆಂಕಿ ಆರಿದ ಸಂಜೆ, ಗಂಗವ್ವ ಮರಿಯೊಂದಿಗೆ ಕೂತಿದ್ದ ಬಂಡೆಯ ಮೇಲಕ್ಕೆ ತುಂಗಕ್ಕ ಬಂದಳು. 'ನಾನಾಗಲೇ ಹೇಳಿದ್ದೆ' ಅನ್ನಲಿಲ್ಲ ಪುಣ್ಯಾತ್ಗಿತ್ತಿ. ಪಕ್ಕದಲ್ಲಿ ಕೂತು ತಾನೂ ಅತ್ತಳು.

ಉಳಿದ ಮರಿ ತಾಯಿಯ ಹೊಟ್ಟೆಗೆ ಒತ್ತಿಕೊಂಡು ಕೇಳಿತು: "ಅವ್ವಾ, ಅಕ್ಕ ತಮ್ಮ ಯಾವಾಗ ಬರ್ತಾರೆ?"

ಗಂಗವ್ವ ಮರಿಯ ಮೈಗೆ ಅಂಟಿದ್ದ ಬೂದಿಯನ್ನು ನೆಕ್ಕಿ ತೆಗೆಯತೊಡಗಿದಳು.

ನೀತಿ: ಅತಿಯಾಸೆಯಿಂದ ಇರುವ ಜಾಗವನ್ನೆಲ್ಲ ತುಂಬಿದವರು ತಮ್ಮವರು ಬದುಕುವ ದಾರಿಯನ್ನೂ ಮುಚ್ಚಿಬಿಡುತ್ತಾರೆ.