ಹುಕುಂದಾರನ ಗೊಂದಿ

ಜಾಲಿಹಾಳಿನಿಂದ ದೊಡ್ಡಬಾವಿ ಸಂತೆಗೆ ಹೋಗುವ ದಾರಿಯಲ್ಲಿ, ಎರಡು ಬೋಳು ಗುಡ್ಡಗಳ ನಡುವೆ ಇಕ್ಕಟ್ಟಾದ ಒಂದು ಏರು ಸಿಗುತ್ತದೆ. ಅದೇ ಹುಕುಂದಾರನ ಗೊಂದಿ. ಇಂದು ಅಲ್ಲಿ ಡಾಂಬರು ರಸ್ತೆಯಿದೆ, ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಗಾಳಿ ಮಾತ್ರ ಹಳೆಯದೇ. ಒಂದು ಗಳಿಗೆಯೂ ಅದು ಸುಮ್ಮನಿರುವುದಿಲ್ಲ. ಹೆಗಲ ಮೇಲಿನ ಟವಲು, ಕೈಯಲ್ಲಿನ ಟಿಕೆಟ್ಟು, ಆಡಿದ ಮಾತು ಯಾವುದನ್ನೂ ಇದ್ದಲ್ಲಿ ಇರಗೊಡುವುದಿಲ್ಲ. ಏರಿನ ತುದಿಯಲ್ಲಿ ಎಡಕ್ಕೆ ಒಂದು ಚಪ್ಪಟೆ ಬಂಡೆ ಇದೆ. ಅದರ ಪಕ್ಕದಲ್ಲಿ ಎದೆಯೆತ್ತರದ ಒಂದು ಹೊರೆಗಲ್ಲು, ಅಂದರೆ ಎರಡು ಕಂಬಗಳ ಮೇಲೆ ಕೂರಿಸಿದ ಒಂದು ಚಪ್ಪಡಿ. ತಲೆಹೊರೆ ಹೊತ್ತು ಬಂದವರು ಇನ್ನೊಬ್ಬರ ಕೈ ಕಾಯದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಾವೇ ತಲೆಗೇರಿಸಿಕೊಂಡು ಹೋಗಲಿ ಎಂದು ಹಿಂದಿನವರು ಇಂಥ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ಐದಾರು ವರ್ಷದ ಕೆಳಗೆ ಯಾರೋ ಪುಣ್ಯಾತ್ಮರು ಇವುಗಳ ಎದುರಿಗೆ ಹಳದಿ ಫಲಕ ನೆಟ್ಟು, ಹುಕುಂದಾರನೆಂಬ ಪಾಳೆಯಗಾರನು ಈ ಬಂಡೆಯ ಮೇಲೆ ಕುಳಿತು ಹುಕುಂ ಹೊರಡಿಸುತ್ತಿದ್ದನೆಂದು ಬರೆಸಿದ್ದಾರೆ. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಇಪ್ಪತ್ತೆಂಟು ವರ್ಷ ಇದೇ ದಾರಿಯ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತುಕೊಂಡೇ ಓಡಾಡಿದವನು ನಾನು. ಕುಳಿತು ಬರೆಯುವ ಅಭ್ಯಾಸ ಇಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅಲ್ಲಿ ಪಾಳೆಯಗಾರನೂ ಇರಲಿಲ್ಲ, ಹುಕುಮೂ ಇರಲಿಲ್ಲ. ಅಲ್ಲಿ ಇದ್ದವನು ಪಾಲಯ್ಯನೆಂಬ ಒಬ್ಬ ಮುದಿ ದಫೇದಾರ. ನಮ್ಮ ಅಜ್ಜಿ ಸಣ್ಣಮಾರಕ್ಕ ಅವನನ್ನು ಕಣ್ಣಾರೆ ಕಂಡವಳು; ಮುಂದೆ ಹೇಳುವ ಸಂಗತಿಯ ಮುಖ್ಯವಾದ ಎರಡು ದಿನಗಳಲ್ಲಿ ಅವಳು ಆ ಏರಿನ ಮೇಲೆಯೇ ಇದ್ದಳು.

ಹಿಂದೆ ಒಮ್ಮೆ, ಮಹಾರಾಜರ ಕಾಲದಲ್ಲಿ, ಈ ಜಾಗಕ್ಕೆ ಇನ್ನೂ ಕರಡಿಗೊಂದಿ ಎಂಬ ಹೆಸರಿದ್ದಾಗ, ಜಾಲಿಹಾಳಿನ ಇಬ್ಬರು ಗೆಳೆಯರು ದಂಡಿಗೆ ಸೇರಿದರು. ಒಬ್ಬ ಪಾಲಯ್ಯ. ಇನ್ನೊಬ್ಬ ಕಾಟಲಿಂಗ, ಕಂಬಳಿ ಮಾರುವ ದುಗ್ಗಮ್ಮನ ಒಬ್ಬನೇ ಮಗ. ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಇಬ್ಬರನ್ನೂ ಹಡಗು ಹತ್ತಿಸಿ ಕಡಲಾಚೆಯ ಮರಳುಗಾಡಿಗೆ ಕರೆದೊಯ್ದರು. ಅಲ್ಲಿ ಪಹರೆಗೆ ನಿಂತ ಸಿಪಾಯಿ ಯಾರ ಸುಳಿವು ಕಂಡರೂ ಕೂಗಿ ಕೇಳಬೇಕಾದ ಒಂದು ಮಾತಿತ್ತು. ಬಿಳಿಯ ಅಧಿಕಾರಿಗಳ ಬಾಯಲ್ಲಿ ಅದು ‘ಹೂ ಕಮ್ಸ್ ದೇರ್’. ನಮ್ಮ ಸಿಪಾಯಿಗಳ ನಾಲಗೆಯ ಮೇಲೆ ಹೊರಳಿ ಹೊರಳಿ ‘ಹುಕುಂದಾರ್’ ಆಗಿತ್ತು. ಯಾರು ಬರುತ್ತಿರುವುದು ಎಂಬ ಪ್ರಶ್ನೆ, ಅಷ್ಟೇ. ಮೂರು ಸಲ ಕೇಳಬೇಕು, ಉತ್ತರ ಬಾರದಿದ್ದರೆ ಗುಂಡು ಹಾರಿಸಬೇಕು ಎಂಬುದು ಕಾನೂನು. ಕಾಟಲಿಂಗನಿಗೆ ಈ ಕಾನೂನು ಕಂಡರೆ ನಗು. ನಮ್ಮ ಕಡೆ ಊರಿನವರನ್ನು ಊರಿನವರು ಯಾರು ಎಂದು ಕೇಳುವಂತಿಲ್ಲ. ಕೆಮ್ಮಿನಲ್ಲಿ, ಮೆಟ್ಟಿನ ಸದ್ದಿನಲ್ಲಿ ಗುರುತು ಹಿಡಿಯಬೇಕು. ಬಾಯಿತಪ್ಪಿ ಕೇಳಿದ್ದಕ್ಕೆ ಎರಡು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾನೇ ಬಲ್ಲೆ. ಬೇರೆಯವರ ಪಹರೆಯಲ್ಲಿ ಕಾಟಲಿಂಗ ನೆಟ್ಟಗೆ ಉತ್ತರ ಕೊಡುತ್ತಿದ್ದ. ಪಾಲಯ್ಯ ನಿಂತಿದ್ದರೆ ಮಾತ್ರ ಬಾಯಿ ಬಿಡದೆ ನಗುತ್ತ ಬಂದು ಹೆಗಲಿಗೊಂದು ಗುದ್ದು ಕೊಡುತ್ತಿದ್ದನಂತೆ.

ಒಂದು ಮಧ್ಯಾಹ್ನ ಮರಳಿನ ಬಿರುಗಾಳಿ ಎದ್ದಿತು. ಚಾಚಿದ ಕೈ ಕಾಣದಷ್ಟು ಮರಳು. ಹಿಂದಿನ ದಿನವಷ್ಟೇ ಶತ್ರುಗಳು ಇಂಥದೇ ಗಾಳಿಯ ಮರೆಯಲ್ಲಿ ನುಗ್ಗಿ ಪಕ್ಕದ ಠಾಣ್ಯದ ನಾಲ್ವರನ್ನು ಕೊಂದಿದ್ದರು. ಪಹರೆಯಲ್ಲಿದ್ದ ಪಾಲಯ್ಯನಿಗೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡ ಒಂದು ಆಕಾರ ತನ್ನ ಕಡೆಗೇ ಬರುವುದು ಕಂಡಿತು. ಹುಕುಂದಾರ್ ಎಂದು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ, ಮೂರನೆಯ ಸಲವೂ ಕೂಗಿದ. ಆಮೇಲೆ ಗುಂಡು ಹಾರಿಸಿದ. ಬಟ್ಟೆ ಸರಿಸಿ ನೋಡಿದರೆ ಕಾಟಲಿಂಗ. ಕೈಯಲ್ಲಿ ಇವನಿಗೆಂದೇ ತಂದ ನೀರಿನ ಬುರುಡೆ. ವಿಚಾರಣೆ ನಡೆಯಿತು. ಅಧಿಕಾರಿ ಇವನ ಬೆನ್ನು ತಟ್ಟಿ, ನೀನು ನಿನ್ನ ಕೆಲಸ ಮಾಡಿದೆ ಎಂದ. ಆ ಬೆನ್ನು ತಟ್ಟಿದ ಜಾಗ ಇನ್ನೂ ಉರಿಯುತ್ತಿದೆ ಎಂದು ಪಾಲಯ್ಯ ಕೊನೆಗಾಲದಲ್ಲಿಯೂ ಹೇಳಿಕೊಳ್ಳುತ್ತಿದ್ದನಂತೆ.

ಯುದ್ಧ ಮುಗಿದು ಊರಿಗೆ ಬಂದಾಗ ದುಗ್ಗಮ್ಮ ಅವನನ್ನು ಮಗನೇ ಬಂದನೆಂಬಂತೆ ಒಳಗೆ ಕರೆದು, ಮುದ್ದೆ ಬಡಿಸಿ, ಕಾಟಲಿಂಗ ಹೇಗೆ ಸತ್ತ ಎಂದು ಕೇಳಿದಳು. ಶತ್ರುವಿನ ಗುಂಡು ತಾಗಿತು ಎಂದುಬಿಟ್ಟ. ತುತ್ತು ಬಾಯಲ್ಲಿತ್ತು, ಸುಳ್ಳೂ ಅದರ ಜೊತೆಗೇ ಒಳಗಿಳಿಯಿತು. ಆಮೇಲೆ ಅವನಿಗೆ ಊರಿನಲ್ಲಿ ನಿಲ್ಲಲಾಗಲಿಲ್ಲ. ಪೊಲೀಸ್ ಕೆಲಸಕ್ಕೆ ಸೇರಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಹತ್ತೊಂಬತ್ತು ಠಾಣೆ. ಎಲ್ಲರೂ ವರ್ಗವಾದರೆ ಗೋಳಾಡುತ್ತಿದ್ದರು, ಇವನು ತಾನೇ ಅರ್ಜಿ ಬರೆದು ವರ್ಗ ಮಾಡಿಸಿಕೊಳ್ಳುತ್ತಿದ್ದ. ಬಂದೂಕನ್ನು ದಿನವೂ ಉಜ್ಜುತ್ತಿದ್ದ, ಆದರೆ ಒಂದು ದಿನವೂ ಅದಕ್ಕೆ ಗುಂಡು ತುಂಬಲಿಲ್ಲ. ಒಮ್ಮೆ ದನಗಳ್ಳರು ಕಣ್ಣೆದುರೇ ಹಳ್ಳ ದಾಟುತ್ತಿದ್ದರೂ ಗುಂಡು ಹಾರಿಸದೆ, ಯಾರು ನೀವು, ಯಾರು ನೀವು ಎಂದು ಕೂಗುತ್ತ ದಡದಲ್ಲಿ ನಿಂತುಬಿಟ್ಟನಂತೆ. ಕಳ್ಳರು ತಪ್ಪಿಸಿಕೊಂಡರು, ಇವನ ತೋಳಿನ ಪಟ್ಟಿಯೊಂದು ಹೋಯಿತು. ಅದನ್ನು ಮರಳಿ ಪಡೆದು ದಫೇದಾರನಾಗಿಯೇ ನಿವೃತ್ತನಾದ ಎನ್ನುವುದು ಬೇರೆ ಮಾತು.

ನಿವೃತ್ತನಾಗಿ ಬಂದವನು ಮನೆಯಲ್ಲಿ ಕೂರಲಿಲ್ಲ. ಬೆಳಗಾದರೆ ಖಾಕಿ ತೊಟ್ಟು, ಗುಂಡಿಗಳನ್ನು ಬೂದಿಯಲ್ಲಿ ತಿಕ್ಕಿ ಹೊಳೆಯಿಸಿಕೊಂಡು, ಒಂದು ಬಿದಿರು ಕೋಲು ಹಿಡಿದು ಕರಡಿಗೊಂದಿಗೆ ಹೋಗಿ ಈ ಬಂಡೆಯ ಮೇಲೆ ನಿಲ್ಲುತ್ತಿದ್ದ. ಕೇಳಿದವರಿಗೆ ಅಲ್ಲಿ ದಾರಿಗಳ್ಳರ ಕಾಟ ಎನ್ನುತ್ತಿದ್ದ. ನಿಜವಾದ ಕಾರಣ ದುಗ್ಗಮ್ಮ. ಪ್ರತಿ ಗುರುವಾರ ಅವಳು ಕಂಬಳಿ ಹೊರೆ ಹೊತ್ತು ಸಂತೆಗೆ ಅದೇ ದಾರಿಯಲ್ಲಿ ಹೋಗುತ್ತಿದ್ದಳು. ಎಂದಾದರೂ ಒಂದು ದಿನ ನಿಜ ಹೇಳಿಬಿಡಬೇಕು ಎಂದು ಅವನು ಬಂದು ನಿಲ್ಲುತ್ತಿದ್ದ. ಅವಳನ್ನು ಕಂಡೊಡನೆ ಬಾಯಿಗೆ ಬರುತ್ತಿದ್ದದ್ದು ಆ ಹಳೆಯ ಮಾತೊಂದೇ. ಬಂದ ಬಂದವರನ್ನೆಲ್ಲ ಹುಕುಂದಾರ್ ಎಂದು ಕೇಳುತ್ತಿದ್ದ. ಜನರಿಗೆ ಅದು ಪ್ರಶ್ನೆ ಎಂದು ತಿಳಿಯಲೇ ಇಲ್ಲ. ಹುಕುಂದಾರ್ ಎಂದರೆ ಅಪ್ಪಣೆ ಕೊಡುವವನು, ಪೊಲೀಸಿನವನಲ್ಲವೇ, ತನ್ನ ಹುದ್ದೆ ಸಾರಿಕೊಳ್ಳುತ್ತಿದ್ದಾನೆ ಎಂದುಕೊಂಡರು. ಆಗಲಿ ಹುಕುಂದಾರಪ್ಪ, ನೀನೇ ದೊಡ್ಡವನು ಎಂದು ಗೇಲಿ ಮಾಡುತ್ತ ಮುಂದೆ ಹೋಗುತ್ತಿದ್ದರು. ಕೇಳಿದವನಿಗೆ ಒಬ್ಬರೂ ಉತ್ತರ ಕೊಡಲಿಲ್ಲ. ದುಗ್ಗಮ್ಮನಂತೂ ತಿರುಗಿ ಸಹ ನೋಡುತ್ತಿರಲಿಲ್ಲ. ಅವಳು ಮಗನಂತೆಯೇ, ಬಾಯಿ ಬಿಡದೆ ನೇರ ನಡೆದು ಬರುವವಳು.

ಆಷಾಢದ ಒಂದು ಗುರುವಾರ ಗೊಂದಿಯಲ್ಲಿ ಹುಚ್ಚುಗಾಳಿ, ಕೆಂಪು ಧೂಳು. ಸಂತೆಗೆ ಹೊರಟ ನಾಲ್ಕಾರು ಹೆಂಗಸರ ಮುಂದೆ ದುಗ್ಗಮ್ಮ, ಮುಖಕ್ಕೆ ಸೆರಗು ಸುತ್ತಿಕೊಂಡು ಏರು ಹತ್ತುತ್ತಿದ್ದಳು. ನಮ್ಮ ಅಜ್ಜಿ ಅವಳ ಹಿಂದೆಯೇ ಇದ್ದಳು. ಪಾಲಯ್ಯ ಬಂಡೆಯ ಮೇಲಿಂದ ಕೂಗಿದ. ಎರಡನೆಯ ಸಲ ಕೂಗಿದ. ಮೂರನೆಯ ಸಲ ಕೂಗಿದಾಗ ಅವನ ಕೋಲು ತಾನಾಗಿಯೇ ಮೇಲೆದ್ದು ಹೆಗಲಿಗೆ ಬಂದು, ಅದರ ತುದಿ ದುಗ್ಗಮ್ಮನ ಎದೆಗೆ ನೇರವಾಗಿ ನಿಂತಿತು. ತನ್ನ ಕೈಗಳನ್ನು ತಾನೇ ನೋಡಿಕೊಂಡ. ಕೋಲು ಬಿಸಾಡಿ, ಬಂಡೆಯಿಂದ ಇಳಿದು ಅವಳ ಕಾಲ ಬುಡದಲ್ಲಿ ಕುಸಿದು ಕುಳಿತ. ಮರಳು, ಬಟ್ಟೆ, ಮೂರು ಕೂಗು, ನೀರಿನ ಬುರುಡೆ ಎಲ್ಲವನ್ನೂ ಹೇಳಿದ. ಅವಳು ಹೊರೆ ಕೆಳಗಿಳಿಸಿ ನಿಂತೇ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು:

“ಮೂರು ಸಲ ಕೂಗಿದ್ಯಾ?”

“ಕೂಗಿದೆ ಅವ್ವಾ. ಮೂರು ಸಲ.”

ಅವಳು ಹೊರೆಗೆ ಕೈ ಹಾಕಿದಳು. ಕಂಬಳಿಯ ಹೊರೆ ಒಬ್ಬರೇ ತಲೆಗೇರಿಸಿಕೊಳ್ಳುವಂಥದಲ್ಲ. ಪಾಲಯ್ಯ ಎದ್ದು ಕೈಚಾಚಿದ. ದುಗ್ಗಮ್ಮ ಅವನ ಕೈಯನ್ನು ನೋಡಿದಳೇ ಹೊರತು ಮುಟ್ಟಗೊಡಲಿಲ್ಲ. ಹಿಂದಿದ್ದ ನಮ್ಮ ಅಜ್ಜಿಯನ್ನು ಕರೆದು ಎತ್ತಿಸಿಕೊಂಡು ಹೊರಟುಹೋದಳು. ಮುಂದಿನ ಗುರುವಾರದಿಂದ ಅವಳು ಗೊಂದಿಯನ್ನೇ ಬಿಟ್ಟು, ಮೂರು ಹರದಾರಿ ಸುತ್ತಿನ ಹಳ್ಳದ ದಾರಿ ಹಿಡಿದಳು. ಆ ವಯಸ್ಸಿನಲ್ಲಿ, ಆ ಹೊರೆ ಹೊತ್ತು.

ಪಾಲಯ್ಯ ಅಂದಿನಿಂದ ಯಾರನ್ನೂ ಏನನ್ನೂ ಕೇಳಲಿಲ್ಲ. ಗುಂಡಿಗಳು ಮಂಕಾದವು, ಗಡ್ಡ ಬೆಳೆಯಿತು. ಆದರೂ ಗೊಂದಿಗೆ ಹೋಗುವುದು ಬಿಡಲಿಲ್ಲ. ಹಾರೆ ಹಿಡಿದು ಒಬ್ಬನೇ ಗುಂಡಿ ತೋಡಿದ, ಗುಡ್ಡದಿಂದ ಕಲ್ಲು ಮೀಟಿ ಉರುಳಿಸಿಕೊಂಡು ಬಂದ, ಎರಡು ಬೆರಳು ಜಜ್ಜಿಕೊಂಡ. ಕಂಬ ಒಂದು ದಿನ ನೆಟ್ಟಗಾದರೆ ಮರುದಿನ ವಾಲುತ್ತಿತ್ತು. ಕಿತ್ತು ಮತ್ತೆ ನಿಲ್ಲಿಸುತ್ತಿದ್ದ. ದುಗ್ಗಮ್ಮ ಎಂದಾದರೂ ಈ ದಾರಿಗೆ ಬಂದರೆ ಅವಳಿಗೆ ಯಾರ ಕೈಯೂ ಬೇಕಾಗಬಾರದು ಎಂಬುದು ಅವನ ಲೆಕ್ಕ. ದೀಪಾವಳಿಯ ಹೊತ್ತಿಗೆ ಹೊರೆಗಲ್ಲು ನಿಂತಿತು.

ಹಬ್ಬ ಕಳೆದ ಮೊದಲ ಗುರುವಾರ ದುಗ್ಗಮ್ಮ ಗೊಂದಿಗೆ ಬಂದಳು. ಏಕೆ ಬಂದಳೆಂದು ಹಲವರು ಹಲವು ಬಗೆ ಹೇಳುತ್ತಾರೆ. ಕಾಲು ಸೋತಿತು ಎನ್ನುವವರಿದ್ದಾರೆ, ಮಗ ಕನಸಿಗೆ ಬಂದ ಎನ್ನುವವರಿದ್ದಾರೆ. ಅವಳು ಹೊರೆಗಲ್ಲನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತಲೆಯ ಹೊರೆಯನ್ನು ಅದರ ಮೇಲಿಡದೆ, ಬೇಕೆಂದೇ ನೆಲಕ್ಕೆ ಹಾಕಿ, ಬಂಡೆಯ ಎದುರು ನಿಂತಳು. ಪಾಲಯ್ಯ ತಲೆ ತಗ್ಗಿಸಿಕೊಂಡು ಕುಳಿತೇ ಇದ್ದ.

“ಕೇಳೋ ಪಾಲ,” ಎಂದಳು. “ಯಾಕೆ ಸುಮ್ಕೆ ಕುಂತೀಯ? ನೀನು ಕೇಳಿದ್ಕೆ ನನ್ ಮಗ ಜವಾಬು ಕೊಡ್ಲಿಲ್ಲ. ನಾನು ಕೊಡ್ತೀನಿ, ಕೇಳು.”

ಪಾಲಯ್ಯ ಎದ್ದು ನಿಂತ. ಮೊದಲ ಸಲ ತುಟಿ ಮಾತ್ರ ಅಲುಗಿತು. ಎರಡನೆಯ ಸಲ ಗಾಳಿ ಮಾತನ್ನು ಎತ್ತಿಕೊಂಡು ಹೋಯಿತು. ಮೂರನೆಯ ಸಲ ಎರಡೂ ಗುಡ್ಡಕ್ಕೆ ಕೇಳುವಂತೆ ಕೂಗಿದ.

“ನಾನು ದುಗ್ಗಿ. ಜಾಲಿಹಾಳಿನೋಳು. ಕಾಟಲಿಂಗನ ತಾಯಿ,” ಎಂದಳು ಅವಳು. ಆಮೇಲೆ ನೆಲದ ಮೇಲಿದ್ದ ಹೊರೆ ತೋರಿಸಿ, “ಬಾ, ಹೊರೆ ಎತ್ತು,” ಎಂದಳು.

ಅವನು ಎತ್ತಿ ಅವಳ ತಲೆಗಿಟ್ಟ. ಅವಳು ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹಾಗೆ ಹೇಳಿದಳೆಂದು ಯಾರಾದರೂ ಕಥೆ ಕಟ್ಟಿದರೆ ನಮ್ಮ ಅಜ್ಜಿ ರೇಗುತ್ತಿದ್ದಳು. ಹೊರೆ ಎತ್ತಿಸಿಕೊಂಡಳು, ಅಷ್ಟೇ. ಅಂದು ಅವಳ ಹಿಂದಿದ್ದ ಹೆಂಗಸರಿಗೆಲ್ಲ ಅದು ಪ್ರಶ್ನೆ ಎಂಬುದು ಮೊದಲ ಸಲ ತಿಳಿಯಿತು. ನಾನು ಸಣ್ಣಮಾರಿ, ನಾನು ಇಂಥವಳು ಎಂದು ಒಬ್ಬೊಬ್ಬರೇ ಹೆಸರು ಹೇಳಿ ಗೊಂದಿ ದಾಟಿದರು. ಪಾಲಯ್ಯ ಬದುಕಿದ್ದ ಆರು ವರ್ಷವೂ ಹಾಗೆಯೇ ನಡೆಯಿತು. ಅವನು ಹೋದ ಮೇಲೆ ಕರಡಿಗೊಂದಿ ಎಂಬ ಹೆಸರು ಜನರ ಬಾಯಿಂದ ತಾನಾಗಿ ಬಿದ್ದುಹೋಯಿತು ಎನ್ನುತ್ತಾರೆ.

ಈಗ ಹೋದವರಿಗೆ ಕಾಣುವುದು ಬಂಡೆ, ಹೊರೆಗಲ್ಲು, ಆ ಹಾಳು ಫಲಕ. ತಲೆಹೊರೆ ಹೊರುವವರು ಉಳಿದಿಲ್ಲ, ಚಪ್ಪಡಿಯ ಮೇಲೆ ಕುರಿ ಕಾಯುವವರು ಬುತ್ತಿ ಇಡುತ್ತಾರೆ. ಒಂದು ಕಂಬ ಇಂದಿಗೂ ಸ್ವಲ್ಪ ವಾಲಿದೆ. ಏರಿನ ತುದಿಗೆ ಬಸ್ಸು ಉಸಿರು ಕಟ್ಟಿಕೊಂಡು ನಿಧಾನವಾದಾಗ ಕಿಟಕಿಯ ಪಕ್ಕದ ಹೆಂಗಸರು ಮುಖ ಹೊರಗೆ ಹಾಕಿ ತಮ್ಮ ಹೆಸರು, ಊರು ಹೇಳುತ್ತಾರೆ. ಗಾಳಿ ಅದನ್ನು ಬಾಯಿಂದ ಕಿತ್ತುಕೊಂಡು ಹೋಗುತ್ತದೆ. ಹೊಸಬರು ನಗುತ್ತಾರೆ. ಕಾಲೇಜಿನ ಹುಡುಗಿಯರು ತಮಾಷೆಗೆ ಯಾವುದೋ ಸುಳ್ಳು ಹೆಸರು ಕೂಗುವುದುಂಟು. ಅವರು ಕೂಡ, ಬಸ್ಸು ತಿರುವು ದಾಟುವುದರೊಳಗೆ, ಮೆಲ್ಲಗೆ ತಮ್ಮ ನಿಜದ ಹೆಸರು ಹೇಳಿಕೊಳ್ಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.